ಕಣ್ಣಿನ ಮಟ್ಟದ ಹಲಗೆ

ಜನವರಿ 7

ಅಪ್ಪಾ,

ನೀನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದ್ದೀಯ. ಹತ್ತೊಂಬತ್ತು ವರ್ಷಗಳ ಹಿಂದೆ, ಬಟ್ಟೆ ಗಿರಣಿಯ ಕೇಸಿನಲ್ಲಿ, ಕೆಲಸಗಾರರ ಪರವಾಗಿ ದಾವೆ ಹೂಡಿದ ಬಣ್ಣದ ಮಾವನಿಗೆ ವಿರುದ್ಧವಾಗಿ. ಆ ಸುಳ್ಳಿನಿಂದ ಅವತ್ತು ಮೂವತ್ತೆರಡು ಜನರ ಕಾಯಂ ಕೆಲಸ ಹೋಯಿತು. ಅದೇ ಸುಳ್ಳಿನಿಂದ ಈಗ ನಮ್ಮದೂ ಹೋಗಿದೆ.

ಹೇಗಿದ್ದೀಯ ಎಂದು ಮೊದಲು ಕೇಳಬೇಕಿತ್ತು. ಮನಸ್ಸು ಬರಲಿಲ್ಲ.

ಬೈಂಡಿಂಗ್ ಕಾರ್ಖಾನೆಯಿಂದ ಹೊಲಿಗೆ ಮೇಜಿನ ಹನ್ನೊಂದು ಹೆಂಗಸರನ್ನು ತೆಗೆದದ್ದು ನಿನಗೆ ಗೊತ್ತು. ಹೇಗೆ ತೆಗೆದರು ಎಂದು ನಾನು ಬರೆದಿರಲಿಲ್ಲ. ಗೇಟಿನ ಪಕ್ಕದ ನೋಟೀಸ್ ಬೋರ್ಡಿನಲ್ಲಿ ಕ್ಯಾಂಟೀನಿನ ದರಪಟ್ಟಿ, ಯಾರದೋ ಕಳೆದುಹೋದ ಕೊಡೆ, ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಚಿತ್ರ, ಇವುಗಳ ನಡುವೆ ಒಂದು ಹಾಳೆ ಹಚ್ಚಿದ್ದರಂತೆ: ಹದಿನೈದು ದಿನಗಳೊಳಗೆ ಬರೆದು ಆಕ್ಷೇಪಿಸದವರು ಗುತ್ತಿಗೆ ಕೆಲಸಕ್ಕೆ ಒಪ್ಪಿದ್ದಾರೆಂದು ತಿಳಿಯಲಾಗುವುದು. ನಮ್ಮಲ್ಲಿ ಯಾರೂ ಓದಲಿಲ್ಲ. ಸೈರನ್ ಕೂಗುವ ಹೊತ್ತಿಗೆ ಓಡಿ ಬರುವವರು ನಿಂತು ಕೊಡೆಯ ಸಮಾಚಾರ ಓದುತ್ತಾರೆಯೇ? ಹದಿನಾರನೆಯ ದಿನ ನಾವು ಗುತ್ತಿಗೆಯವರಾಗಿದ್ದೆವು. ಮೂರು ತಿಂಗಳಿಗೆ ಗುತ್ತಿಗೆಯೂ ಮುಗಿಯಿತು.

ಕೆಳಗಿನ ಕೋರ್ಟಿನಲ್ಲಿ ಸೋತೆವು. ನಮ್ಮಲ್ಲೆಲ್ಲ ಹಿರಿಯಳಾದ ಸೂಜಿ ಅಜ್ಜಿ ಎದ್ದು ನಿಂತು, "ನಾವು ಓದೇ ಇಲ್ಲ ಸ್ವಾಮಿ" ಎಂದಳು. "ನೀವು ಓದಿದ್ದೀರಿ ಅಂತ ಕಾನೂನು ಹೇಳುತ್ತೆ ತಾಯಿ" ಎಂದರು ನ್ಯಾಯಾಧೀಶರು. ಹೊರಗೆ ಬಂದ ಮೇಲೆ ಅಜ್ಜಿ ಕೇಳಿದಳು: "ಕಾನೂನಿಗೆ ನನ್ನ ಕನ್ನಡಕ ಯಾರ್ ಕೊಟ್ರೇ?"

ಯಾರು ಕೊಟ್ಟರು ಎಂಬುದು ಮೊನ್ನೆ ಗೊತ್ತಾಯಿತು.

ಮೇಲ್ಮನವಿ ಹಾಕಿರುವ ನಮ್ಮ ಲಾಯರಮ್ಮನ ಕೋಣೆಯಲ್ಲಿ ಹಳೆಯ ತೀರ್ಪುಗಳ ಸಂಪುಟವೊಂದು ಬೆನ್ನು ಬಿಚ್ಚಿಕೊಂಡು ಬಿದ್ದಿತ್ತು. ನನ್ನ ಕೈ ಸುಮ್ಮನಿರುವ ಕೈಯಲ್ಲ. ಹೊಲಿದು ಕೊಡುತ್ತೇನೆಂದು ಮನೆಗೆ ತಂದೆ. ಹಳೆಯ ದಾರ ಕತ್ತರಿಸುತ್ತ ಓದುತ್ತ ಹೋದೆ. ನಮ್ಮನ್ನು ಸೋಲಿಸಿದ ತೀರ್ಪು ಅದರಲ್ಲೇ ಇತ್ತು. ಮೇಲ್ಮನವಿ ನ್ಯಾಯಾಲಯ ಸ್ಥಾಪಿಸಿದ ತತ್ವವಂತೆ, ಕೆಳಗಿನ ಎಲ್ಲ ಕೋರ್ಟುಗಳೂ ತಲೆಬಾಗಬೇಕಾದದ್ದು: 'ಕಾರ್ಮಿಕರು ದಿನವೂ ಹಾದುಹೋಗುವ ದಾರಿಯಲ್ಲಿ, ನಿಂತ ಮನುಷ್ಯನ ಕಣ್ಣಿನ ಮಟ್ಟದಲ್ಲಿ, ಓದಲು ಸಾಕಷ್ಟು ಬೆಳಕು ಬೀಳುವಲ್ಲಿ ಹಚ್ಚಿದ ಸೂಚನೆಯನ್ನು ಪ್ರತಿಯೊಬ್ಬ ಕಾರ್ಮಿಕನೂ ಓದಿದ್ದಾನೆಂದೇ ಭಾವಿಸತಕ್ಕದ್ದು.' ದಾರಿ, ಕಣ್ಣು, ಬೆಳಕು. ಈ ಮೂರನ್ನೂ ನ್ಯಾಯಾಲಯ ಎತ್ತಿಕೊಂಡದ್ದು ಮೂರನೆಯ ಸಾಕ್ಷಿಯ ಬಾಯಿಂದ. 'ಗಿರಣಿಯ ಬಡಗಿ; ಸರಳ ಮನುಷ್ಯ; ತನ್ನ ಕಸುಬಿನಲ್ಲಿ ಅಭಿಮಾನವುಳ್ಳವನು; ಇವನ ಮಾತನ್ನು ನಂಬದಿರಲು ಕಾರಣವಿಲ್ಲ.'

ಆ ಗಿರಣಿಯಲ್ಲಿ ಇದ್ದದ್ದು ಒಬ್ಬನೇ ಬಡಗಿ.

ಮುಂದಿನ ಪುಟದಲ್ಲಿ ಬಣ್ಣದ ಮಾವನ ವಾದವಿದೆ. ದಾವೆ ಹೂಡುವವರೆಗೆ ಗೇಟಿನಲ್ಲಿ ಬೋರ್ಡೇ ಇರಲಿಲ್ಲ, ಆಮೇಲೆ ಬಣ್ಣದ ವಿಭಾಗದ ಕಪಾಟಿನ ಎಡ ಬಾಗಿಲನ್ನು ಕಿತ್ತು ಮಾಡಿದ್ದು, ಅಂಚಿನ ಐದು ಗಾಳಿ ತೂತುಗಳನ್ನು ಮುಚ್ಚಿದ್ದಾರೆ ಎಂದು ಅವನು ಹೇಳಿದ್ದಾನೆ. ನ್ಯಾಯಾಲಯ ಅದನ್ನು 'ಸೋಲುತ್ತಿರುವವನ ಕಲ್ಪನೆಯ ಕೂಸು' ಎಂದು ಕರೆದಿದೆ.

ಎಡ ಬಾಗಿಲು ನನಗೆ ಗೊತ್ತಿಲ್ಲ. ಬಲ ಬಾಗಿಲು ಗೊತ್ತು. ನನಗೆ ಐದು ವರ್ಷವಾದಾಗ, ಗಿರಣಿಯ ಬಣ್ಣದ ಕಪಾಟಿನ ಬಾಗಿಲೆಂದು ಹೇಳಿ ನೀನು ಮಾಡಿಕೊಟ್ಟ ಓದುವ ಮೇಜು ಅದು. ಅಂಚಿನ ಐದು ತೂತುಗಳಲ್ಲಿ ಐದು ಪೆನ್ಸಿಲ್ ಸಿಕ್ಕಿಸಿ ಸೈನಿಕರೆಂದು ಆಡುತ್ತಿದ್ದೆ. ಮಾವ ಬಿಟ್ಟುಹೋದ ಕರಪತ್ರಗಳನ್ನೆಲ್ಲ, ದುಡಿಯುವವರ ಹಕ್ಕು, ಎಂಟು ಗಂಟೆಯ ದಿನ, ಎಲ್ಲವನ್ನೂ ಅದರ ಮೇಲಿಟ್ಟುಕೊಂಡೇ ಓದಿದೆ. "ಬಣ್ಣದ ಮಾವನ ಕೇಸಲ್ಲಿ ನಾನೂ ಸಾಕ್ಷಿ ಹೇಳಿದ್ದೆ, ಜಡ್ಜ್ ನನ್ ಮಾತು ಬರ್ಕೊಂಡ್ರು" ಎಂದು ನೀನು ಎಷ್ಟು ಸಲ ಹೇಳಿದ್ದೀಯ! ಯಾರ ಕಡೆಗೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ.

ಉತ್ತರ ಬರೆ.

ಇಂತಿ,
ನಿನ್ನ ಮಗಳು

*

ಜನವರಿ 20

ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಾನು ಚೆನ್ನಾಗಿದ್ದೇನೆ. ಎಡ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಶಾಲೆಯವರು ಇಪ್ಪತ್ತು ಬೆಂಚು ಹೇಳಿದ್ದಾರೆ. ಮರ ಇನ್ನೂ ಹಸಿ, ಈಗಲೇ ಕುಯ್ದರೆ ಸೊಟ್ಟಗಾಗುತ್ತದೆ. ಅವರಿಗೆ ಅವಸರ. ನಿನ್ನ ಅತ್ತೆ ಆರೋಗ್ಯ, ಬಾಯಿ ಎರಡೂ ಗಟ್ಟಿಯಾಗಿವೆ.

ಕೇಸಿನ ಸಂಗತಿ ಹಳೆಯದು. ನನಗೆ ಅಷ್ಟು ನೆನಪಿಲ್ಲ. ಗಾಳಿ ತೂತು ಎಲ್ಲ ಕಪಾಟಿಗೂ ಇರುತ್ತದೆ. ಐದು ಇದ್ದರೆ ಐದು, ಆರಿದ್ದರೆ ಆರು.

ನೀನು ಬೇರೆ ಕೆಲಸ ನೋಡಿಕೊಂಡರೆ ಒಳ್ಳೆಯದು. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗೇನೂ ಆಗುವುದಿಲ್ಲ.

ಅಪ್ಪ

*

ಫೆಬ್ರವರಿ 2

ಅಪ್ಪಾ,

ಬೆಂಚಿನ ಮರ ಹಸಿಯಾಗಿದೆ ಎಂಬುದಕ್ಕೆ ಮೂರು ಸಾಲು. ಮೂವತ್ತೆರಡು ಜನಕ್ಕೆ ಎರಡು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೆ. ಕುಂಬಳಕಾಯಿ ಎಂದರೆ ಏನು ಎಂದು ಕೇಳುವವರನ್ನು ಈಗ ಕಂಡೆ.

ಹೊಲಿದ ಸಂಪುಟವನ್ನು ಲಾಯರಮ್ಮನಿಗೆ ಕೊಟ್ಟು ಎಲ್ಲ ಹೇಳಿದೆ. ಟೈಪ್ ಮಾಡುವವರ ಅಂಗಡಿಯ ಮೇಲೆ ಅವರ ಕೋಣೆ. ಕೆಳಗಿನ ಸದ್ದು ನೆಲದಲ್ಲಿ ನಡುಗುತ್ತಿರುತ್ತದೆ. ಹನ್ನೊಂದು ಜನ ಮೂರು ಕುರ್ಚಿಯಲ್ಲಿ, ಕಿಟಕಿಯ ಕಟ್ಟೆಯಲ್ಲಿ, ನೆಲದಲ್ಲಿ ಕೂತೆವು. ನಾನು ಹಿಗ್ಗಿ ಹೋಗಿದ್ದೆ. ಸುಳ್ಳು ಸಾಕ್ಷಿ ಎಂದು ತೋರಿಸಿದರೆ ತೀರ್ಪು ದೊಪ್ಪನೆ ಬೀಳುತ್ತದೆ ಎಂದುಕೊಂಡಿದ್ದೆ.

"ಬೀಳಲ್ಲಮ್ಮ" ಎಂದರು ಲಾಯರಮ್ಮ. "ಕೇಸು ಬೇರೆ, ಅದರಿಂದ ಹುಟ್ಟಿದ ತತ್ವ ಬೇರೆ. ಆ ಬಡಗಿ ಸುಳ್ಳು ಹೇಳಿದ್ರೂ, 'ಇಂಥ ಕಡೆ ಹಚ್ಚಿದ್ರೆ ಓದಿದ ಹಾಗೇ' ಅನ್ನೋ ಮಾತು ನಿಂತೇ ಇರುತ್ತೆ. ಅದನ್ನ ಹಿಡ್ಕೊಂಡು ಆಮೇಲೆ ನಲವತ್ತು ತೀರ್ಪು ಬಂದಿದೆ."

"ತಾಯಿ ಸತ್ರೂ ಮಗು ಬದುಕಿರುತ್ತೆ ಅನ್ನಿ" ಎಂದಳು ಸೂಜಿ ಅಜ್ಜಿ.

"ಹೂಂ, ಹಾಗೇ."

"ನಲವತ್ತು ಮೊಮ್ಮಕ್ಕಳು ಬೇರೆ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. "ಹಾಗಾದ್ರೆ ಸತ್ಯಕ್ಕೆ ಬೆಲೇನೇ ಇಲ್ವಾ?" ಎಂದು ಕೂಗಿದೆ. ಲಾಯರಮ್ಮ ಕೋಪಿಸಿಕೊಳ್ಳಲಿಲ್ಲ. "ಇದೆ. ಆದ್ರೆ ಸರಿಯಾದ ಜಾಗಕ್ಕೆ ತಗೊಂಡ್ಹೋಗ್ಬೇಕು" ಎಂದರು.

ಆ ಜಾಗ ಇದು, ಗಮನವಿಟ್ಟು ಓದು. ನಮ್ಮ ಮೇಲ್ಮನವಿಯನ್ನು ಮೂವರು ನ್ಯಾಯಾಧೀಶರ ಪೀಠ ಕೇಳುತ್ತದೆ. ಹಳೆಯ ತೀರ್ಪು ಕೊಟ್ಟದ್ದು ಇಬ್ಬರು. ಮೂವರಿಗೆ ಆ ತತ್ವವನ್ನೇ ಬದಲಿಸುವ ಅಧಿಕಾರವಿದೆ: ಬೋರ್ಡಿಗೆ ಹಚ್ಚಿದರೆ ಸಾಲದು, ಪ್ರತಿಯೊಬ್ಬರ ಕೈಗೆ ಕೊಡಬೇಕು ಎಂದು ಹೇಳಬಹುದು. ಆದರೆ ಹತ್ತೊಂಬತ್ತು ವರ್ಷ ನಡೆದುಬಂದದ್ದನ್ನು ಸುಮ್ಮನೆ ಬದಲಿಸುವುದಿಲ್ಲ. ಆ ಮೂರು ಮಾತು ಹುಟ್ಟಿದ್ದೇ ಹೇಗೆ ಎಂದು, ಹುಟ್ಟಿಸಿದವನೇ ಬಂದು ಹೇಳಿದರೆ ಕೇಳಿಸಿಕೊಳ್ಳಬಹುದು. ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯಕ್ಕೆ ಅನುಮತಿ ಸಿಗುವುದು ಕಷ್ಟ, ಆದರೂ ಕೇಳುತ್ತಾರಂತೆ. ನಿನ್ನ ಪ್ರಮಾಣಪತ್ರ ಬೇಕು. ಮೇಜು ಬೇಕು.

ನಿನ್ನ ಮೇಲೆ ಸುಳ್ಳು ಸಾಕ್ಷಿಯ ಕೇಸು ಬರಬಹುದು ಎಂದೂ ಲಾಯರಮ್ಮ ಹೇಳಿದರು. ಮುಚ್ಚಿಡಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿ ಈಗ ಬೇರೆಯವರ ಮನೆಯ ಪಾತ್ರೆ ತಿಕ್ಕುತ್ತಾಳೆ. ಮೂವತ್ತು ವರ್ಷ ಪುಸ್ತಕ ಹೊಲಿದ ಕೈ. ಒಂದು ಪುಟವೂ ಅವಳ ಕೈಯಲ್ಲಿ ಹಿಂದುಮುಂದಾಗಿಲ್ಲ.

ಮಗಳು

*

ಫೆಬ್ರವರಿ 17

ಪುಟ್ಟಿಗೆ ಅತ್ತೆಯ ಆಶೀರ್ವಾದ.

ನಿಮ್ಮಪ್ಪ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ನೀನು ಅವನಿಗೆ ಏನು ಬರೆದೆಯೋ ನನಗೆ ತಿಳಿಯದು. ಓದಿ ಅಂಗಿಯ ಜೇಬಿಗೆ ಹಾಕಿಕೊಂಡ. ಅಂಗಿ ಒಗೆಯಲೂ ಕೊಡಲಿಲ್ಲ, ನಾಲ್ಕು ದಿನ ಅದೇ ಅಂಗಿ.

ಐದನೆಯ ದಿನ ನಿನ್ನ ಓದುವ ಮೇಜನ್ನು ಹಿತ್ತಲಿಗೆ ಹೊತ್ತುಕೊಂಡು ಹೋದ. "ಏನೋ ಅದು?" ಅಂದೆ. "ರಿಪೇರಿ" ಅಂದ. "ಹುಡುಗಿ ಊರು ಬಿಟ್ಟು ಆರು ವರ್ಷ ಆಯ್ತು. ಈಗ ಯಾರು ಓದ್ತಾರೆ ಅದ್ರಲ್ಲಿ, ನಾನಾ?" ಅಂದೆ. "ಓದು, ಬೇಡ ಅಂದೋರ್ಯಾರು" ಅಂದ. ಶಾಲೆಯ ಬೆಂಚು ಅರ್ಧಕ್ಕೆ ನಿಂತಿದೆ, ಮಾಸ್ತರು ಎರಡು ಸಲ ಬಂದು ಹೋದರು. ಇವನು ಮೂರು ದಿನ ಆ ಮೇಜಿನ ಮುಂದೆಯೇ ಕೂತಿದ್ದ. ತೂತು ಇತ್ತಲ್ಲ, ನೀನು ಪೆನ್ಸಿಲ್ ಚುಚ್ಚುತ್ತಿದ್ದೆಯಲ್ಲ, ಅದಕ್ಕೆಲ್ಲ ಅದೇ ಜಾತಿಯ ಮರದ ಬಿರಡೆ ಕೂರಿಸಿ, ಉಜ್ಜಿ, ಟೀ ಕಷಾಯ ಬಳಿದು ಬಣ್ಣ ಹಿಡಿಸಿದ. ನಾನು ಬೆರಳಿಟ್ಟು ನೋಡಿದೆ ಕಣೇ. ಇಲ್ಲಿ ತೂತಿತ್ತು ಅಂತ ನಾನೇ ಆಣೆ ಮಾಡಿದರೂ ಯಾರೂ ನಂಬರು. ಕೈಯಲ್ಲಿ ಅಂಥ ಕಲೆ ಇದೆ, ತಲೆಯಲ್ಲಿ ಏನಿದೆಯೋ!

"ಎಷ್ಟ್ ಚೆನ್ನಾಗಿ ಮಾಡಿದ್ಯಲ್ಲೋ" ಅಂದೆ. ಅದಕ್ಕೆ ಅವನು ಉಳಿ ಕೆಳಗಿಟ್ಟು ಎದ್ದು ಹೋದ. ಊಟಕ್ಕೂ ಬರಲಿಲ್ಲ.

ನಿಮ್ಮ ನಡುವೆ ಏನಾಗಿದೆ? ಬಂದು ಬಾಯಲ್ಲಿ ಜಗಳ ಆಡಿ. ಕಾಗದದಲ್ಲಿ ಆಡಿದ ಜಗಳ ಆರುವುದಿಲ್ಲ.

ಅತ್ತೆ

*

ಫೆಬ್ರವರಿ 23

ಅಪ್ಪಾ,

ಅತ್ತೆ ಬರೆದಿದ್ದಾಳೆ.

ಹತ್ತೊಂಬತ್ತು ವರ್ಷದ ಹಿಂದೆ ಮಾಡಿದ್ದು ಬಡತನಕ್ಕೋ ಭಯಕ್ಕೋ ಎಂದು ನನ್ನೊಳಗೇ ನಿನ್ನ ಪರವಾಗಿ ವಾದಿಸುತ್ತಿದ್ದೆ. ಈ ತಿಂಗಳು ಮಾಡಿದ್ದಕ್ಕೆ ವಾದವಿಲ್ಲ. ನಿನ್ನನ್ನು ಯಾವ ಮ್ಯಾನೇಜರೂ ಹೆದರಿಸಿರಲಿಲ್ಲ. ಬರೆದವಳು ನಾನು. ನನಗೆ ಸಿಗದ ಹಾಗೆ ಮಾಡಿದೆ.

ಆ ಮೇಜು ಇನ್ನು ಬೇಡ. ಒಲೆಗೆ ಹಾಕು.

ಇನ್ನು ಮುಂದೆ ನಿನಗೆ ಬರೆಯುವುದಿಲ್ಲ.

*

ಮಾರ್ಚ್ 21

ಮಗಳೇ,

ಇದನ್ನು ಓದಿ ಹರಿದು ಹಾಕು. ಇದು ನಿನಗೆ ಬರೆದದ್ದು, ಕೋರ್ಟಿಗಲ್ಲ, ನಿಮ್ಮ ಲಾಯರಿಗೂ ಅಲ್ಲ. ಒಂದು ತಿಂಗಳಿನಿಂದ ಬರೆದು ಬರೆದು ಹರಿದಿದ್ದೇನೆ. ಈ ನಾಲ್ಕು ಹಾಳೆ ಉಳಿಸಿದ್ದೇನೆ.

ಬೋರ್ಡ್ ಮಾಡಿದ್ದು ನಾನೇ. ಕೇಸು ಹಾಕಿ ಒಂದು ವಾರವಾಗಿತ್ತು. ಮ್ಯಾನೇಜರು ಕರೆದು, "ಒಂದು ಬೋರ್ಡ್ ಬೇಕು. ಹತ್ತು ವರ್ಷದಿಂದ ಅಲ್ಲೇ ಇದ್ದ ಹಾಗೆ ಕಾಣ್ಬೇಕು. ಆಗುತ್ತಾ ನಿನ್ ಕೈಲಿ?" ಎಂದರು. ಹೆದರಿಸಲಿಲ್ಲ, ಏನೂ ಕೊಡುತ್ತೇನೆ ಎನ್ನಲಿಲ್ಲ. ನಿನಗೆ ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದಾದರೆ ಹೆದರಿಸಿದರು ಎಂದು ಬರೆಯಬಹುದಿತ್ತು. ಆಗುತ್ತಾ ಎಂದು ಕೇಳಿದರಲ್ಲ, ಆ ಮಾತು ನನಗೆ ತಾಗಿತು. ಗಿರಣಿಯಲ್ಲಿ ಹನ್ನೆರಡು ವರ್ಷ ಸ್ಟೂಲಿನ ಕಾಲು, ಕಿಟಕಿಯ ಚಿಲಕ ರಿಪೇರಿ ಮಾಡಿಕೊಂಡಿದ್ದವನು. "ಯಾರ್ ಕೈಲೂ ಕಂಡ್ಹಿಡಿಯೋಕ್ಕಾಗಲ್ಲ" ಎಂದೆ. ಹಳೆಯ ಮರ ಬೇಕಿತ್ತು. ಬಣ್ಣದ ವಿಭಾಗದವರ ಕಪಾಟಿನ ಬಾಗಿಲು ಕಿತ್ತೆ. ಒಂದೇ ದಿನದಲ್ಲಿ ಮುಗಿಸಿದೆ. ಹಳೆಯ ಮೊಳೆ ಹಾಕಿದೆ, ಹಳೆಯ ಮೊಳೆ ಕಿತ್ತ ಗುರುತನ್ನೂ ಮಾಡಿದೆ, ಅಲ್ಲಿ ಎಷ್ಟೋ ಹಾಳೆ ಹಚ್ಚಿ ಕಿತ್ತಂತೆ. ಅದನ್ನು ಯಾರೂ ಹೇಳಿರಲಿಲ್ಲ, ನನಗೇ ಹೊಳೆಯಿತು. ಅವತ್ತಿನ ಹಾಗೆ ಕೆಲಸದಲ್ಲಿ ಮನಸ್ಸು ನಿಂತದ್ದು ಮತ್ತೆಂದೂ ಇಲ್ಲ. ಅದು ಕೋರ್ಟಿಗೆ ಹೋಗುತ್ತದೆ ಎಂದು ತಿಳಿದಿರಲಿಲ್ಲ ಎಂದರೆ ಅದೂ ಸುಳ್ಳೇ. ಯೋಚಿಸಲಿಲ್ಲ.

ಕಟಕಟೆಯಲ್ಲಿ ನಿಂತಾಗ ಗಿರಣಿಯ ವಕೀಲರು, "ಬೋರ್ಡನ್ನ ಎಲ್ಲಿ ಕೂರಿಸಿದ್ರಿ?" ಎಂದು ಕೇಳಿದರು. ಅವರು ಹೇಳಿಕೊಟ್ಟಿದ್ದ ಉತ್ತರ 'ಗೇಟಿನ ಹತ್ತಿರ' ಎಂಬುದಷ್ಟೇ. ನಾನು ಸುಮ್ಮನಾಗಲಿಲ್ಲ. ಬೋರ್ಡ್ ಅಂದಮೇಲೆ ಜನ ಓಡಾಡುವ ದಾರಿಯಲ್ಲಿರಬೇಕು, ನಿಂತವನ ಕಣ್ಣಿನ ಮಟ್ಟಕ್ಕಿರಬೇಕು, ಬೆಳಕು ಮೇಲಿಂದ ಬೀಳಬೇಕು, ಎದುರಿಂದ ಬಿದ್ದರೆ ಹೊಳೆದು ಓದಲಾಗುವುದಿಲ್ಲ ಎಂದೆ. ನನ್ನ ಗುರು ನನಗೆ ಕಲಿಸಿದ್ದನ್ನು ಒಪ್ಪಿಸಿದೆ. ಬೋರ್ಡ್ ಹೇಗೆ ಕೂರಿಸಬೇಕು ಎಂದು ಹೇಳಿದೆ, ಮಗಳೇ. ಕೂರಿಸಿದ್ದೆ ಎಂದು ಅವರು ಬರೆದುಕೊಂಡರು. ನಾನು ಅಲ್ಲ ಎನ್ನಲಿಲ್ಲ. ಜಡ್ಜ್ ತಲೆಯಾಡಿಸಿದರು. ಅಂಥವರು ನನ್ನ ಮಾತಿಗೆ ತಲೆಯಾಡಿಸಿದ್ದು ಅದೇ ಮೊದಲು. ಅದು ಕಾನೂನಾಗುತ್ತದೆ ಎಂದು ಯಾವ ಬಡಗಿಗೆ ಗೊತ್ತಿರುತ್ತದೆ?

ಇನ್ನೊಂದು ಮಾತಿದೆ. ಬರೆಯಲೋ ಬೇಡವೋ ಎಂದು ಈ ಹಾಳೆಯನ್ನೇ ಮೂರು ಸಲ ಹರಿದೆ. ಬಣ್ಣದ ಮಾವನಿಗೆ ಎಲ್ಲ ಗೊತ್ತಿತ್ತು. ಹೊಸ ನಿಯಮ ಬರುತ್ತಿದೆ, ಹದಿನೈದು ದಿನದಲ್ಲಿ ಬರೆದುಕೊಡದಿದ್ದರೆ ಗುತ್ತಿಗೆಗೆ ಹಾಕುತ್ತಾರೆ ಎಂದು ಆಫೀಸಿನ ಚಿಲಕ ರಿಪೇರಿ ಮಾಡುವಾಗ ನನ್ನ ಕಿವಿಗೆ ಬಿತ್ತು. ಅವತ್ತು ಸಂಜೆಯೇ ಟೀ ಅಂಗಡಿಯಲ್ಲಿ ಅವನಿಗೆ ಹೇಳಿದೆ. ಅವನು ನಕ್ಕ. "ಕಾಗದ ಕೈಗೆ ಕೊಡ್ಲಿ ನೋಡೋಣ. ಬಾಯಿ ಮಾತಿಗೆ ಹೆದ್ರೋಕೆ ನಾನೇನು ಬಡಗೀನಾ?" ಎಂದ. ಉಳಿದವರಿಗೆ ಹೇಳಬೇಡ, ಸುಮ್ಮನೆ ಗಾಬರಿಯಾಗುತ್ತಾರೆ ಎಂದ. ಹದಿನೈದು ದಿನ ಅವನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಆಮೇಲೆ ಕೋರ್ಟಿನಲ್ಲಿ ನನಗಿಂತ ಮೊದಲು ಅವನೇ ಪ್ರಮಾಣ ಮಾಡಿದ. ತನಗೆ ಯಾವ ರೀತಿಯಲ್ಲೂ ತಿಳಿದಿರಲಿಲ್ಲ ಎಂದ. ಹೊರಗೆ ಬಂದು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಅವನು ಸುಳ್ಳು ಹೇಳಿದ ಎಂದು ನನಗೆ ಗೊತ್ತು, ನಾನೂ ಸುಳ್ಳು ಹೇಳುತ್ತೇನೆ ಎಂದು ಅವನಿಗೆ ಗೊತ್ತು. ಸಾಯುವ ಮೊದಲು ಕರಪತ್ರದ ಗಂಟನ್ನು ಮನೆ ಬಾಗಿಲಿಗೆ ತಂದು, "ಹುಡುಗಿಗೆ ಕೊಡು" ಎಂದ. ಅದೇ ಕೊನೆಯ ಮಾತು.

ನಿಮ್ಮ ಲಾಯರಮ್ಮ ಹೇಳಿದ್ದು ನನಗೆ ಅರ್ಥವಾಯಿತು. ತಾರಸಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಹಲಗೆ ಕೊಡುತ್ತೇವೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಹಲಗೆ ಬಿಚ್ಚಿದರೂ ತಾರಸಿ ನಿಲ್ಲುತ್ತದೆ. ನನ್ನ ಸುಳ್ಳು ಆ ಹಲಗೆ. ಈಗ ತೋರಿಸಿ ಏನು ಪ್ರಯೋಜನ? ನನಗೆ ಐವತ್ತೆಂಟು. ಈ ಊರಿನಲ್ಲಿ ನನ್ನನ್ನು ನಂಬಿ ಜನ ಬಾಗಿಲು ಮಾಡಿಸುತ್ತಾರೆ.

ಮೇಜಿನ ತೂತು ಮುಚ್ಚಿದ್ದು ನಿನ್ನನ್ನು ಸೋಲಿಸಲಿಕ್ಕಲ್ಲ. ದಿನವೂ ಅದರ ಮುಂದೆ ಕೂತು ಊಟ ಮಾಡಬೇಕಿತ್ತು. ಒಲೆಗೆ ಹಾಕಿಲ್ಲ.

ಅಪ್ಪ

*

ಏಪ್ರಿಲ್ 5

ಅಪ್ಪಾ,

ಬರೆಯುವುದಿಲ್ಲ ಎಂದಿದ್ದೆ. ಇದನ್ನು ನೀನು ಬೇರೆಯವರಿಂದ ಕೇಳಬಾರದು ಎಂದು ಬರೆಯುತ್ತಿದ್ದೇನೆ. ನಿನ್ನ ಪತ್ರವನ್ನು ಲಾಯರಮ್ಮನಿಗೆ ಕೊಟ್ಟೆ. ಅವರು ಅದನ್ನು ಅರ್ಜಿಯ ಜೊತೆ ಮೇಲ್ಮನವಿಗೆ ಲಗತ್ತಿಸಿದ್ದಾರೆ.

ನೀನು ಹರಿದು ಹಾಕು ಎಂದಿದ್ದೆ. ಮೂರು ದಿನ ದಿಂಬಿನ ಕೆಳಗಿಟ್ಟುಕೊಂಡಿದ್ದೆ. ನಾಲ್ಕನೆಯ ದಿನ ಸೂಜಿ ಅಜ್ಜಿ ಬಂದಳು. ಸೋಪಿನ ನೀರಿಗೆ ಬೆರಳೆಲ್ಲ ಬಿಳಿಚಿಕೊಂಡು ಸೂಜಿ ಹಿಡಿಯಲಾಗುತ್ತಿಲ್ಲವಂತೆ. "ನಿಮ್ಮಪ್ಪ ಏನಾದ್ರೂ ಬರೆದ್ರಾ ಮಗಾ?" ಎಂದಳು. ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಹೌದು ಎಂದ ಮೇಲೆ ಕೊಡದಿರಲೂ ಆಗಲಿಲ್ಲ.

ಅಪ್ಪ ಮಗಳ ಗುಟ್ಟು ದೊಡ್ಡದೋ, ಹನ್ನೊಂದು ಮನೆಯ ಅನ್ನ ದೊಡ್ಡದೋ? ತನಗೆ ಒಳ್ಳೆಯವನಾಗಿದ್ದವನನ್ನು ಕಾಪಾಡಿಕೊಳ್ಳುವುದನ್ನು ನ್ಯಾಯ ಎನ್ನಲಾಗುವುದಿಲ್ಲ. ಅದು ಬರಿಯ ಮನೆತನ. ಇದನ್ನು ಯಾರೋ ಹೇಳಿಕೊಟ್ಟದ್ದಲ್ಲ, ನಿನ್ನ ಮೇಜಿನ ಮೇಲೆಯೇ ಓದಿ ಕಲಿತದ್ದು. ನಿನಗೆ ನೋವಾಗುತ್ತದೆ, ಗೊತ್ತು. ನನಗೂ ಆಗಿದೆ. ಆದರೆ ಅದು ನಿನ್ನದೇ ಮಾತು, ನಿನ್ನದೇ ಅಕ್ಷರ. ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ.

ಲಾಯರಮ್ಮನಿಗೆ ಭರವಸೆ ಬಂದಿದೆ. 'ಹೇಗೆ ಕೂರಿಸಬೇಕು ಎಂದು ಹೇಳಿದೆ, ಕೂರಿಸಿದ್ದೆ ಎಂದು ಬರೆದುಕೊಂಡರು' ಎಂಬ ಸಾಲನ್ನು ಅವರು ಎರಡು ಸಲ ಗಟ್ಟಿಯಾಗಿ ಓದಿದರು. ತಮ್ಮ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಇಂಥ ಸಾಲು ಕಂಡಿಲ್ಲವಂತೆ.

ಕೋರ್ಟಿನಿಂದ ನಿನಗೆ ಕರೆ ಬರಬಹುದು. ಬಾ.

ಮಗಳು

*

ಮೇ 18

ಮಗಳೇ,

ಕೋರ್ಟಿನವನು ಸಮನ್ಸ್ ತಂದಾಗ ನಾನು ಬೆಂಚಿಗೆ ಮೆರುಗೆಣ್ಣೆ ಹಚ್ಚುತ್ತಿದ್ದೆ. ಕೈ ಅಂಟಾಗಿತ್ತು. ಅವನು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದ. ಎದುರು ಮನೆಯ ದರ್ಜಿ ಮಿಷಿನ್ ನಿಲ್ಲಿಸಿದ. ನಿನ್ನ ಅತ್ತೆ, "ಮೆಲ್ಲಗೆ ಓದಪ್ಪ, ಇಲ್ಲಿ ಯಾರ್ಗೂ ಕಿವುಡಿಲ್ಲ" ಎಂದಳು. ಅಷ್ಟರಲ್ಲಿ ಬೀದಿಗೆಲ್ಲ ತಿಳಿದಿತ್ತು. ಮಾರನೆಯ ದಿನ ದರ್ಜಿ ತನ್ನ ಅಂಗಡಿಯ ಬಾಗಿಲನ್ನು ಬೇರೆಯವರಿಗೆ ಹೇಳಿದ. ಮುಖಾಮುಖಿ ಏನೂ ಅನ್ನಲಿಲ್ಲ, ಒಳ್ಳೆಯ ಮನುಷ್ಯ.

ಇದನ್ನು ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ. ಉಪ್ಪು ತಿಂದಿದ್ದೇನೆ, ನೀರು ಕುಡಿಯುತ್ತೇನೆ. ನೀನು ಪತ್ರ ಕೊಟ್ಟೆ ಎಂದು ಓದಿದ ದಿನ ಕೋಪ ಬಂದಿತ್ತು. ಹರಿದು ಹಾಕು ಎಂದವನು ಬರೆಯಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಕೋರ್ಟಿಗೆ ಬರುತ್ತೇನೆ, ಬೋರ್ಡಿನ ಕಥೆ ಹೇಳುತ್ತೇನೆ, ಶಿಕ್ಷೆ ಏನಿದೆಯೋ ಆಗಲಿ ಎಂದು ನಿಶ್ಚಯಿಸಿದ್ದೆ.

ಸಮನ್ಸಿನ ಜೊತೆ ನನ್ನ ಪತ್ರದ ನಕಲು ಇತ್ತು. ರಾತ್ರಿ ಊಟದ ಮೊದಲು ಅದನ್ನು ಅದೇ ಮೇಜಿನ ಮೇಲಿಟ್ಟುಕೊಂಡು ಓದಿದೆ.

ನಾನು ಬರೆದದ್ದು ನಾಲ್ಕು ಹಾಳೆ. ನಕಲಿನಲ್ಲಿ ಮೂರೇ ಇವೆ.

'ನಾಲ್ಕು ಹಾಳೆ ಉಳಿಸಿದ್ದೇನೆ' ಎಂದು ಮೊದಲಲ್ಲೇ ಬರೆದಿದ್ದೆನಲ್ಲ, ಆ ಸಾಲಿನ ಮೇಲೆ ಹಾಳೆಯ ಮಡಿಕೆ ಬಂದು ಅಕ್ಷರ ಮಾಸಿದೆ. ಮಾವನ ಮಾತಿದ್ದ ಮೂರನೆಯ ಹಾಳೆ ಇಲ್ಲ. ಎರಡನೆಯದರ ಕೊನೆಯಲ್ಲಿ ಮಾತು ಮುಗಿದಿತ್ತು, ನಾಲ್ಕನೆಯದು ಹೊಸ ಮಾತಿನಿಂದ ಶುರುವಾಗಿತ್ತು. ಜೋಡಿಸಿದ ಜಾಗ ಕಾಣುವುದೇ ಇಲ್ಲ. ಬರೆದವನು ನಾನಲ್ಲದಿದ್ದರೆ ನನಗೂ ತಿಳಿಯುತ್ತಿರಲಿಲ್ಲ. ಹೀಗೆ ಜೋಡಿಸಿದವಳು ಯಾರ ಮಗಳು ಎಂದು ಬೇರೆ ಯಾರಿಗೂ ಗೊತ್ತಾಗಲಾರದು. ನನಗೆ ಗೊತ್ತಾಯಿತು. ನಕಲನ್ನು ಮಗುಚಿ ಇಟ್ಟೆ.

ನೀನು ನನಗೆ ಬರೆದ ಮೊದಲ ಪತ್ರ ಇನ್ನೂ ಜೇಬಿನಲ್ಲಿದೆ. ಸುಳ್ಳು ಹೇಳಿದ್ದೀಯ ಎಂದು ಬರೆದಿದ್ದೆ. ಅದನ್ನು ಓದಿದಾಗ ನಾಚಿಕೆಯಾಯಿತು. ಆದರೂ ಒಳಗೆ ಎಲ್ಲೋ, ಇವಳಾದರೂ ನೆಟ್ಟಗೆ ನಿಂತಿದ್ದಾಳಲ್ಲ ಎಂದು ಸಮಾಧಾನವಿತ್ತು. ಆ ಸಮಾಧಾನವನ್ನು ನೀನು ತೆಗೆದುಬಿಟ್ಟೆ.

ಆ ಹಾಳೆ ಯಾಕೆ ತೆಗೆದೆ ಎಂದು ಕೇಳುವುದಿಲ್ಲ. ಮಾವ ಕೊಟ್ಟ ಕರಪತ್ರಗಳನ್ನೆಲ್ಲ ಬಾಯಿಪಾಠ ಮಾಡಿ ಬೆಳೆದವಳು ನೀನು. ಕೇಸಿಗೂ ಅದು ತೊಂದರೆಯೇ ಇರಬಹುದು, ಬೋರ್ಡ್ ಇಲ್ಲದೆಯೂ ಒಬ್ಬನಿಗೆ ತಿಳಿದಿತ್ತು ಎಂದಾಗುತ್ತದೆ. ಲಾಯರಮ್ಮನಿಗೆ ಅದು ಗೊತ್ತಿಲ್ಲ ಎಂದುಕೊಂಡಿದ್ದೇನೆ. ಗೊತ್ತಿದ್ದರೆ ಅವರು ಹಾಗೆ ಹಾಕುತ್ತಿರಲಿಲ್ಲ. ನನ್ನನ್ನು ಮೂವರು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಎದುರು ಪಕ್ಷದ ವಕೀಲರು ಬಿಡುತ್ತಾರೆಯೇ? ಮೊದಲ ಪ್ರಶ್ನೆಯೇ ಅದು: "ಬೋರ್ಡ್ ಇರ್ಲಿಲ್ಲ ಅಂದ್ರಿ, ಹಾಗಾದ್ರೆ ಯಾರಿಗೂ ಗೊತ್ತಿರ್ಲಿಲ್ವಾ?" ನಾನು ಗೊತ್ತಿತ್ತು ಎನ್ನುತ್ತೇನೆ. ಒಂದು ಸಲ ಯಜಮಾನರಿಗಾಗಿ ಹೇಳಿದ ಸುಳ್ಳು ನಲವತ್ತು ಕೇಸು ತಿಂದಿತು ಎಂದು ನೀನೇ ಬರೆದೆ. ನಿನಗಾಗಿ ಹೇಳುವ ಸುಳ್ಳು ಎಷ್ಟು ತಿನ್ನುತ್ತದೋ ನಾನು ಕಾಣೆ. ಹನ್ನೊಂದು ಜನಕ್ಕಾಗಿ ಹೇಳಿದರೂ ಅದು ಇನ್ಯಾರದೋ ತಲೆಯ ಮೇಲೆ ತಾರಸಿಯಾಗಿ ಕೂರುತ್ತದೆ.

ಅಜ್ಜಿಯ ಬೆರಳಿನ ವಿಷಯ ಓದಿ ಸಂಕಟವಾಯಿತು. ಸೋತರೆ ಅವಳ ಮುಖ ಹೇಗೆ ನೋಡಲಿ ಎಂದು ನಿನಗೆ ಅನ್ನಿಸುತ್ತಿರಬೇಕು. ನನಗೆ ಮೂವತ್ತೆರಡು ಮುಖ ಇದ್ದವು. ಒಂದನ್ನೂ ನೋಡಲಿಲ್ಲ, ದಾರಿ ಬದಲಿಸಿ ಓಡಾಡಿದೆ. ನಿನಗೆ ಆ ದಾರಿ ಬೇಡ.

ಆ ಹಾಳೆಯನ್ನು ನೀನು ಹರಿದಿಲ್ಲ ಎಂದು ನಂಬಿದ್ದೇನೆ. ಪುಸ್ತಕ ಕಟ್ಟುವವರು ಹಾಳೆ ಹರಿಯುವುದಿಲ್ಲ. ಕೋರ್ಟಿನಲ್ಲಿ ನಮ್ಮ ಕೇಸು ಕೂಗುವುದು ಹತ್ತೂವರೆಗೆ. ಅಷ್ಟರೊಳಗೆ ಲಾಯರಮ್ಮನ ಕೈಗೆ ನೀನೇ ಕೊಡಬೇಕು, ನಾನು ಒಳಗೆ ಹೇಳುವ ಮೊದಲು. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ನೀನು ಕೊಡದಿದ್ದರೂ ನಾನು ಹೇಳುವುದು ಅದನ್ನೇ. ಆದರೆ ಆಗ ನಾನು ಹೇಳಿದಂತಾಗುತ್ತದೆ, ನೀನು ಮುಚ್ಚಿಟ್ಟಂತಾಗುತ್ತದೆ.

ಅತ್ತೆ ಜೊತೆಗೆ ಬರುತ್ತೇನೆಂದಳು, ಬೇಡ ಎಂದಿದ್ದೇನೆ. ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನ ಕೋಣೆಗೆ ಬರುವುದಿಲ್ಲ, ಅಲ್ಲಿ ಮೆಟ್ಟಿಲು ಜಾಸ್ತಿ ಎಂದು ನೀನೇ ಒಮ್ಮೆ ಬರೆದಿದ್ದೆ.

ಜೂನ್ ನಾಲ್ಕು, ಬುಧವಾರ. ಬೆಳಿಗ್ಗೆ ಒಂಬತ್ತು ಗಂಟೆ. ಕೋರ್ಟಿನ ದೊಡ್ಡ ಗೇಟಿನ ಎದುರು, ರಸ್ತೆಯ ಈಚೆ ಬದಿ. ಮೂರನೆಯ ಹಾಳೆ ತೆಗೆದುಕೊಂಡು ಬಾ.

ಅಪ್ಪ